ತೆರಿಗೆಯೇ ಬೀಳದವರಿಗೆ ‘ತೆರಿಗೆ ಉಳಿತಾಯ’ ಏಕೆ?

ರಾವಂದೂರು ಕಡೆ ಹೊಗೆಸೊಪ್ಪಿನ ಹಣ ಕೈಸೇರುವ ಹೊತ್ತಿಗೆ ‘ತೆರಿಗೆ ಉಳಿಸಿ’ ಎನ್ನುವ ಏಜೆಂಟರೂ ಬಾಗಿಲಿಗೆ ಬರುತ್ತಾರೆ. ಸಹಿ ಹಾಕುವ ಮುನ್ನ, ನಿಮಗೆ ತೆರಿಗೆ ಬೀಳುತ್ತದೆಯೇ ಎಂದು ಲೆಕ್ಕ ಹಾಕಿ.

ಹೊಗೆಸೊಪ್ಪು, ರಾಗಿ, ಜೋಳದ ಆದಾಯಕ್ಕೆ ಆದಾಯ ತೆರಿಗೆಯಿಲ್ಲ. ಹಾಲಿನದು ಮಾತ್ರ ಕಾನೂನಿನ ಪ್ರಕಾರ ಕೃಷಿ ಆದಾಯವಲ್ಲ. ಇದು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಗಾಬರಿ ಬೇಡ. ಮೇವು, ಹಿಂಡಿ, ಔಷಧಿಯ ಖರ್ಚು ಕಳೆದು ಉಳಿಯುವ ಲಾಭವಷ್ಟೇ ಲೆಕ್ಕಕ್ಕೆ. ಅದಕ್ಕೆ ಠೇವಣಿ ಬಡ್ಡಿ ಸೇರಿಸಿದರೂ 4 ಲಕ್ಷ ರೂ. ದಾಟದಿದ್ದರೆ 2025-26ರ ಹೊಸ ಪದ್ಧತಿಯಲ್ಲಿ ತೆರಿಗೆಯೇ ಇಲ್ಲ. ನಾಲ್ಕು ಹಸು ಕಟ್ಟಿದವರಲ್ಲಿ ಎಷ್ಟು ಜನ ದಾಟುತ್ತಾರೆ?

ಅಂಥವರು ಐದು ವರ್ಷದ ‘ತೆರಿಗೆ ಉಳಿತಾಯ’ ಠೇವಣಿ ಇಟ್ಟರೆ ಲಾಭ ಸೊನ್ನೆ, ಅವಧಿಗೆ ಮುನ್ನ ಮುರಿಯುವಂತೆಯೂ ಇಲ್ಲ. ಕೆಚ್ಚಲು ಬಾವು ಬಂದ ಹಸುವಿಗೆ ಐದು ವರ್ಷ ತಾಳು ಎನ್ನಲಾದೀತೇ? ಕೊಟ್ಟಿಗೆಯ ಹಣ ಸಾಮಾನ್ಯ ಠೇವಣಿಯಲ್ಲಿರಲಿ. ಒಂದು ಬ್ಯಾಂಕಿನಲ್ಲಿ ವರ್ಷದ ಬಡ್ಡಿ 50,000 ರೂ. (ಹಿರಿಯರಿಗೆ 1 ಲಕ್ಷ) ಮೀರಿದರೆ ಬ್ಯಾಂಕ್ ತೆರಿಗೆ ಹಿಡಿಯುತ್ತದೆ. ತೆರಿಗೆ ಬೀಳದವರು ವರ್ಷಾರಂಭದಲ್ಲೇ ಪ್ಯಾನ್ ಸಹಿತ ಘೋಷಣಾ ಪತ್ರ ಕೊಡಿ.

ಮುಪ್ಪಿನ ಹಣ ಬೇರೆ ಮಾತು, ಅದು ಕೈಗೆ ಸಿಗದಿದ್ದರೇ ಒಳ್ಳೆಯದು. 18ರಿಂದ 40 ವಯಸ್ಸಿನವರಿಗೆ ಅಟಲ್ ಪಿಂಚಣಿ ಇದೆ. 30ರಲ್ಲಿ ಸೇರಿದರೆ ತಿಂಗಳಿಗೆ 577 ರೂ., 60ರ ನಂತರ ತಿಂಗಳಿಗೆ 5,000 ರೂ. ಆದಾಯ ತೆರಿಗೆ ಕಟ್ಟುವವರನ್ನು 2022ರ ಅಕ್ಟೋಬರ್‌ನಿಂದ ಇದಕ್ಕೆ ಸೇರಿಸಿಕೊಳ್ಳುತ್ತಿಲ್ಲ, ಅಂದರೆ ಇದು ನಮ್ಮಂಥವರದೇ. ನಲವತ್ತು ದಾಟಿದವರಿಗೆ ಪಿಪಿಎಫ್: ವರ್ಷಕ್ಕೆ 500 ರೂ. ಕಟ್ಟಿದರೂ ನಡೆಯುತ್ತದೆ, 15 ವರ್ಷದ ಅವಧಿ, ಬಡ್ಡಿಗೆ ತೆರಿಗೆಯಿಲ್ಲ.

ಅಟಲ್ ಕಂತು ಬಟವಾಡೆ ಬೀಳುವ ಖಾತೆಯಿಂದಲೇ ಕಡಿತವಾಗಲಿ. ಗಂಡ ಹೆಂಡತಿ ಬೇರೆ ಬೇರೆಯಾಗಿ ಸೇರಬಹುದು. ಒಬ್ಬರಿಗಷ್ಟೇ ಸಾಧ್ಯವಾದರೆ ಹಾಲು ಕರೆಯುವವರ ಹೆಸರು ಮೊದಲು ಬರೆಸಿ.