ಜರ್ಸಿ ನೋಡಿ ದ್ರೋಹಿ ಅನ್ನೋರಿಗೆ

"ಅವನು ಜಪಾನಿಗೆ ಆಡಿದವನಲ್ವಾ? ಅವನನ್ನೇನು ಹೊಗಳೋದು ಬಿಡಿ ಸಾರ್." ಕೊರಿಯಾದ ಫುಟ್‌ಬಾಲ್ ಆಟಗಾರ ಕಿಮ್ ಯೋಂಗ್-ಸಿಕ್ ಬಗ್ಗೆ ಹೇಳೋಕೆ ಹೋದಾಗ ನಮ್ಮ ಟೀಮಿನ ಹುಡುಗನೊಬ್ಬ ಎರಡೇ ಸೆಕೆಂಡಿನಲ್ಲಿ ಕೊಟ್ಟ ತೀರ್ಪಿದು. ಮೊಬೈಲಿನಲ್ಲಿ ಒಂದು ಪ್ಯಾರಾ ಓದಿ ಒಬ್ಬರ ಇಡೀ ಬದುಕಿಗೆ ದೇಶಭಕ್ತಿಯ ಸರ್ಟಿಫಿಕೇಟ್ ಹಂಚುವ ಚಟ ನಮಗೆ ಯಾವಾಗ ಅಂಟಿತೋ!

ಸ್ವಲ್ಪ ತಾರೀಖು ನೋಡಿ. ಕಿಮ್ ಹುಟ್ಟಿದ್ದು 1910ರ ಜುಲೈನಲ್ಲಿ. ಮರುತಿಂಗಳೇ ಜಪಾನ್ ಕೊರಿಯಾವನ್ನು ನುಂಗಿ ಹಾಕಿತು. ಆತ ದೊಡ್ಡವನಾಗಿ ಚೆಂಡು ಒದೆಯುವ ಹೊತ್ತಿಗೆ ಒಲಿಂಪಿಕ್ಸ್‌ಗೆ ಹೋಗೋಕೆ ಕೊರಿಯಾ ಅನ್ನೋ ತಂಡವೇ ಇರಲಿಲ್ಲ. 1935ರಲ್ಲಿ ಸೋಲ್‌ನ ಕ್ಲಬ್ ಜಪಾನಿನ ರಾಷ್ಟ್ರೀಯ ಕಪ್ಪನ್ನೇ ಗೆದ್ದಿತ್ತು. ಆದರೂ ಮರುವರ್ಷ ಬರ್ಲಿನ್‌ನಲ್ಲಿ ಆಡಿದ ಜಪಾನ್ ತಂಡದಲ್ಲಿ ಕೊರಿಯಾದವನು ಕಿಮ್ ಒಬ್ಬನೇ.

"ಪ್ರತಿಭಟಿಸಬಹುದಿತ್ತಲ್ಲ?" ಅಂತೀರಿ. ಅದೇ ಬರ್ಲಿನ್‌ನಲ್ಲಿ ಮ್ಯಾರಥಾನ್ ಗೆದ್ದ ಕೊರಿಯಾದ ಸೋನ್ ಕೀ-ಚುಂಗ್ ಎದೆಯ ಮೇಲೂ ಜಪಾನಿನ ಬಾವುಟ ಇತ್ತು. ಫೋಟೋದಲ್ಲಿ ಅದನ್ನು ಅಳಿಸಿ ಅಚ್ಚು ಹಾಕಿದ ದೊಂಗ್-ಆ ಇಲ್ಬೊ ಪತ್ರಿಕೆಗೆ ಸರ್ಕಾರ ತಿಂಗಳುಗಟ್ಟಲೆ ಬೀಗ ಜಡಿಯಿತು. ಪ್ರೊಫೈಲ್ ಫೋಟೋ ಬದಲಿಸಿದಷ್ಟು ಸಲೀಸಾಗಿರಲಿಲ್ಲ ಸ್ವಾಮಿ, ಆಗಿನ ಪ್ರತಿಭಟನೆ.

ಬರ್ಲಿನ್‌ನಲ್ಲಿ ಜಪಾನ್ ಸ್ವೀಡನ್ ತಂಡವನ್ನು 3-2ರಿಂದ ಸೋಲಿಸಿತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ 38 ವರ್ಷದ ಕಿಮ್ ಕೊನೆಗೂ ಕೊರಿಯಾದ್ದೇ ಜರ್ಸಿ ತೊಟ್ಟ. ಗಣರಾಜ್ಯದ ಘೋಷಣೆಗೆ ಇನ್ನೂ ಕೆಲವು ದಿನ ಬಾಕಿಯಿತ್ತು. ಮೆಕ್ಸಿಕೋ ವಿರುದ್ಧ 5-3 ಗೆಲುವು, ಆಮೇಲೆ ಅದೇ ಸ್ವೀಡನ್ ಕೈಲಿ 12-0 ಸೋಲು. ಯುದ್ಧ ನಿಂತು ವರ್ಷವೂ ತುಂಬದ 1954ರಲ್ಲಿ ವಿಶ್ವಕಪ್ಪಿಗೆ ತಂಡ ಕರೆದುಕೊಂಡು ಹೋದ ಕೋಚ್ ಕೂಡ ಆತನೇ. ಪುಸ್ಕಾಸ್‌ನ ಹಂಗೆರಿ ಎದುರು 9-0, ಟರ್ಕಿ ಎದುರು 7-0.

ಬರ್ಲಿನ್ ಗೆಲುವು ಜಪಾನಿನ ಖಾತೆಗೆ ಹೋಯ್ತು. ಕೊರಿಯಾದ ಖಾತೆಗೆ ಬಿದ್ದಿದ್ದು ಹೆಚ್ಚಾಗಿ ಈ ಸೋಲುಗಳು. ಸ್ವಂತ ಹೆಸರಷ್ಟೇ ಮುಖ್ಯ ಅನ್ನೋನಾಗಿದ್ದರೆ 38ರ ವಯಸ್ಸಿನಲ್ಲಿ ಮೈದಾನಕ್ಕೆ ಇಳೀತಿದ್ನಾ? ಬರ್ಲಿನ್ ನೆನಪು ಹೇಳಿಕೊಂಡು ಮನೇಲಿರುತ್ತಿದ್ದ. ಸಿಕ್ಕ ಒಂದೇ ದಾರಿಯಲ್ಲಿ ಕಲಿತು, ಕಲಿತದ್ದನ್ನು ತನ್ನವರಿಗೆ ತಂದುಕೊಟ್ಟವನನ್ನು ದ್ರೋಹಿ ಅನ್ನೋದು ಯಾವ ನ್ಯಾಯ?

ನಮ್ಮೂರಲ್ಲಿ ಬದುವಿನ ಮೇಲೆ ನಿಂತು, ಕೆಸರಲ್ಲಿ ಉಳೋನಿಗೆ ಬುದ್ಧಿ ಹೇಳೋರಿದ್ದರು. ಅವರ ಪಂಚೆಗೆ ಯಾವತ್ತೂ ಮಣ್ಣು ಮೆತ್ತಿರಲಿಲ್ಲ. ಸರ್ಟಿಫಿಕೇಟ್ ಬರೆಯುವ ಮುಂಚೆ ನಮ್ಮ ಕಾಲನ್ನೂ ಒಮ್ಮೆ ನೋಡಿಕೊಳ್ಳೋಣ.