ತೊರವಿಯಲ್ಲೊಮ್ಮೆ ಬಸ್ ಇಳಿಯಿರಿ
ವಿಜಯಪುರದಿಂದ ಟಿಕೋಟಾಕ್ಕೆ ಹೊರಟಾಗ ತೊರವಿ ಬಂದರೆ ನನಗೆ ಸುಮ್ಮನೆ ಕೂರಲಾಗುವುದಿಲ್ಲ. ಕುಮಾರ ವಾಲ್ಮೀಕಿ ಕನ್ನಡದಲ್ಲಿ ರಾಮಾಯಣ ಬರೆದದ್ದು ಇಲ್ಲಿನ ನರಸಿಂಹನ ಅಂಕಿತದಲ್ಲಿ. 1599ರಲ್ಲಿ ಇಮ್ಮಡಿ ಇಬ್ರಾಹಿಂ ಆದಿಲ್‌ಶಾಹ, ಸರಸ್ವತಿಯನ್ನು ಹಾಡಿ ಕೊಂಡಾಡಿದ ವಿಜಯಪುರದ ದೊರೆ, ನವರಸಪುರವೆಂಬ ಹೊಸ ನಗರ ಕಟ್ಟತೊಡಗಿದ್ದೂ ಇಲ್ಲೇ. 1624ರಲ್ಲಿ ಅಹಮದ್‌ನಗರದ ಸೇನಾನಿ ಮಲಿಕ್ ಅಂಬರನ ಸೈನ್ಯ ಅದನ್ನು ಹಾಳುಗೆಡವಿತು.

ಅದರಲ್ಲಿ ಈಗ ಎದ್ದು ಕಾಣುವುದು ಸಂಗೀತ ಮಹಲಿನ ಎತ್ತರದ ಕಮಾನು. ಅದರಡಿ ನಿಂತು ಕತ್ತೆತ್ತಿದರೆ ಗಾರೆಯ ಬಿರುಕು, ಆಚೆ ಬರೀ ಆಕಾಶ. ಅದಕ್ಕಿಂತಲೂ ನನ್ನ ಮನಸ್ಸು ಹಿಡಿದದ್ದು ಇಲ್ಲಿನ ಸುರಂಗ ಬಾವಡಿ. ನೆಲದಡಿಯ ಕಾಲುವೆಯಲ್ಲಿ ವಿಜಯಪುರ ನಗರಕ್ಕೆ ನೀರು ಹರಿಸಿದ ಜಾಣ್ಮೆ ಅದು. ನೀರಿಗಾಗಿ ಬಾಯ್ಬಿಟ್ಟ ನಮ್ಮ ನಾಡಿಗೆ ಇದಕ್ಕಿಂತ ದೊಡ್ಡ ಪಾಠ ಯಾವುದಿದೆ?

ಬಬಲೇಶ್ವರ, ಟಿಕೋಟಾದ ಮೇಷ್ಟ್ರುಗಳೇ, ಗೋಳಗುಮ್ಮಟ ತೋರಿಸಿದ ಮೇಲೆ ಮಕ್ಕಳನ್ನು ಇಲ್ಲಿಗೂ ಕರೆತನ್ನಿ.