ತಂಪುಕೋಣೆ ಕೊಳ್ಳುವ ಮುನ್ನ

ಎನ್. ವಡ್ಡಹಳ್ಳಿ ಹಾಗೂ ಕೋಲಾರದ ಮಾರುಕಟ್ಟೆಗಳಿಂದ ಟೊಮೆಟೊ ತುಂಬಿದ ಲಾರಿಗಳು ನಂಗಲಿಯ ಗಡಿ ದಾಟಿ ಆಂಧ್ರ, ತಮಿಳುನಾಡುಗಳತ್ತ ಸಾಗುವುದು ನಮಗೆ ನಿತ್ಯದ ನೋಟ. 2023ರ ಜುಲೈನಲ್ಲಿ 15 ಕೆ.ಜಿ. ಪೆಟ್ಟಿಗೆಯ ಬೆಲೆ ಎರಡು ಸಾವಿರ ರೂಪಾಯಿ ದಾಟಿದ್ದನ್ನೂ, ಕೊಯ್ಲಿನ ಕೂಲಿ ಸಹ ಹುಟ್ಟದೆ ಅದೇ ಹಣ್ಣನ್ನು ರಸ್ತೆಗೆ ಸುರಿದ ದಿನಗಳನ್ನೂ ಕಂಡ ವರ್ತಕರು ಸ್ವಂತ ತಂಪುಕೋಣೆಯ ಆಲೋಚನೆ ಮಾಡುವುದು ಸಹಜ. ಆಲೋಚನೆ ಸರಿಯೇ, ಕೊಳ್ಳುವ ಕ್ರಮ ಮಾತ್ರ ತಲೆಕೆಳಗಾಗಿದೆ. ಎಷ್ಟು ಟನ್ನಿನ ಯಂತ್ರ, ಎಷ್ಟು ಬೆಲೆ ಎಂಬುದೇ ಮೊದಲ ಪ್ರಶ್ನೆಯಾಗುತ್ತದೆ. ಹೊರದೂಡಬೇಕಾದ ಶಾಖವೆಷ್ಟು, ಅದು ಎಲ್ಲಿಂದ ಬರುತ್ತದೆ ಎಂದು ಕೇಳುವವರು ವಿರಳ.

ಒಂದು ಲೆಕ್ಕ ನೋಡೋಣ. ಮಧ್ಯಾಹ್ನದ 32 ಡಿಗ್ರಿ ಬಿಸಿಯಲ್ಲಿ ಬಂದ 5 ಟನ್ ಟೊಮೆಟೊವನ್ನು 13 ಡಿಗ್ರಿಗೆ ಇಳಿಸಲು ಹಣ್ಣಿನಿಂದಲೇ ಸುಮಾರು 105 ಯೂನಿಟ್ಟಿನಷ್ಟು ಶಾಖವನ್ನು ತೆಗೆಯಬೇಕು. (ವಿದ್ಯುತ್ ಇದರ ಮೂರನೆಯ ಒಂದು ಭಾಗದಷ್ಟು ಖರ್ಚಾದೀತು.) 24 ಗಂಟೆಗಳಲ್ಲಿ ಇದನ್ನು ಮಾಡಲು ಒಂದೂಕಾಲು ಟನ್ ಸಾಮರ್ಥ್ಯ ಸಾಕು, ಇಲ್ಲಿ ಟನ್ ಎಂದರೆ ತೂಕವಲ್ಲ, ಶೈತ್ಯದ ಅಳತೆ. 8 ಗಂಟೆಗಳಲ್ಲೇ ಆಗಬೇಕೆಂದರೆ ಮೂರೂಮುಕ್ಕಾಲು ಟನ್ ಬೇಕು. ಗೋಡೆ, ಬಾಗಿಲುಗಳಿಂದ ಬರುವ ಶಾಖ ಮತ್ತು ಹಣ್ಣಿನ ಉಸಿರಾಟದ ಶಾಖ ಇದರ ಮೇಲೆ ಸೇರುತ್ತವೆ. ಅದೇ ಹಣ್ಣನ್ನು ಬೆಳಗಿನ ಜಾವ ಕೊಯ್ದು, ನೆರಳಿನಲ್ಲಿಟ್ಟು, 22 ಡಿಗ್ರಿಯಲ್ಲಿ ಒಳತಂದರೆ ಹಣ್ಣಿನ ಹೊರೆ ಅರ್ಧಕ್ಕಿಂತಲೂ ಕಡಿಮೆ. ಖರ್ಚಿಲ್ಲದ ಈ ಉಳಿತಾಯವನ್ನು ಯಂತ್ರ ಮಾರುವವರು ಹೇಳಿಕೊಡಲಾರರು.

ಉಷ್ಣವಲಯದ ಕಡಲಿನಲ್ಲಿ ಹಾಯಿದೋಣಿ ನಡೆಸುವವರು ಈ ವಿಷಯದಲ್ಲಿ ನಮಗಿಂತ ಮುಂದಿದ್ದಾರೆ. ಅವರ ಬಳಿ ಇರುವುದು ಬ್ಯಾಟರಿಯ ಅಲ್ಪ ವಿದ್ಯುತ್. ಆದ್ದರಿಂದ ಶೀತಪೆಟ್ಟಿಗೆಯ ಸುತ್ತ ದಪ್ಪನೆಯ ಉಷ್ಣನಿರೋಧಕ ತುಂಬುತ್ತಾರೆ. ಅವರಲ್ಲಿ ಹಲವರು ಎಂಜಿನ್ ಓಡುವ ಒಂದೆರಡು ಗಂಟೆಗಳಲ್ಲಿ ಲವಣದ್ರಾವಣ ತುಂಬಿದ ಫಲಕಗಳನ್ನು ಹೆಪ್ಪುಗಟ್ಟಿಸಿಕೊಂಡು, ಉಳಿದ ಹೊತ್ತನ್ನು ಆ ತಂಪಿನಲ್ಲೇ ಕಳೆಯುತ್ತಾರೆ. ಐಸ್‌ಕ್ರೀಂ ಸಾಗಿಸುವ ಗಾಡಿಗಳಲ್ಲಿಯೂ ಇದೇ ತತ್ತ್ವ. ಮೂರು ಫೇಸ್ ವಿದ್ಯುತ್ ಕೆಲವೇ ಗಂಟೆ ಸಿಗುವ ಹಳ್ಳಿಯ ಸ್ಥಿತಿ ಆ ದೋಣಿಗಿಂತ ಬಹಳ ಬೇರೆಯಲ್ಲ. 60 ಮಿ.ಮೀ. ಪಫ್ ಹಲಗೆಯ ಬದಲು 100 ಮಿ.ಮೀ. ಹಾಕಿದರೆ ಗೋಡೆಯಿಂದ ಒಳಬರುವ ಶಾಖ ಶೇ. 40ರಷ್ಟು ತಗ್ಗುತ್ತದೆ. ಗಂಟೆಗೆ ಒಂದು ಯೂನಿಟ್ ಶಾಖ ನುಗ್ಗುವ ಕೋಣೆಯನ್ನು ಆರು ಗಂಟೆ ಕಾಯಲು 65 ಕೆ.ಜಿ. ಮಂಜುಗಡ್ಡೆಯಷ್ಟು ಶೀತಸಂಗ್ರಹ ಸಾಕು. ಡೀಸೆಲ್ ಜನರೇಟರಿಗೆ ತೆಗೆದಿಟ್ಟ ಹಣವನ್ನು ಮೊದಲು ಗೋಡೆಗೂ ಈ ಸಂಗ್ರಹಕ್ಕೂ ಹಾಕುವುದು ಲೇಸು.

ತಾಪಮಾನದ ವಿಷಯದಲ್ಲಿಯೂ ತಪ್ಪು ಕಲ್ಪನೆಯಿದೆ. 4 ಡಿಗ್ರಿ ಹಾಲಿಗೆ ಸರಿ, ಟೊಮೆಟೊಗೆ ಅಲ್ಲ. ದೋರೆಗಾಯಿಯನ್ನು 12-13 ಡಿಗ್ರಿಯಲ್ಲಿಡಬೇಕು. 10ಕ್ಕಿಂತ ಕೆಳಗೆ ಹಲವು ದಿನ ಇಟ್ಟರೆ ಶೀತದ ಪೆಟ್ಟು ತಿಂದು, ಹೊರಬಂದ ಮೇಲೆ ಸರಿಯಾಗಿ ಹಣ್ಣಾಗದೆ ಕೊಳೆಯುತ್ತದೆ. ಶ್ರೀನಿವಾಸಪುರದ ಮಾವಿಗೂ ಇದೇ ಮಾತು. ಎಲೆಕೋಸು, ಕ್ಯಾರೆಟ್‌ಗಳಿಗೆ ಸೊನ್ನೆಯ ಆಸುಪಾಸು ಬೇಕು. ಒಂದೇ ಕೋಣೆ ಎರಡಕ್ಕೂ ಒದಗದು. ಟೊಮೆಟೊವನ್ನು ಹೆಚ್ಚೆಂದರೆ ಎರಡು ಮೂರು ವಾರ ಹಿಡಿದಿಡಬಹುದು. ಮಾರುಕಟ್ಟೆಗೆ ಮಾಲು ಮುಗಿಬಿದ್ದ ನಾಲ್ಕು ದಿನ ದಾಟಿಸಲು ತಂಪುಕೋಣೆ ನೆರವಾದೀತು. ಇನ್ನೊಂದು 2023ಕ್ಕೆ ಕಾಯಲು ಅಲ್ಲ.

ಸಣ್ಣ ವರ್ತಕರಿಗೆ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ ರೂಪಿಸಿದ, ಇಟ್ಟಿಗೆಯ ಜೋಡಿಗೋಡೆಗಳ ನಡುವೆ ಒದ್ದೆ ಮರಳು ತುಂಬುವ ಕೋಣೆಯೇ ಸಾಕಾದೀತು. ನಮ್ಮ ಒಣಹವೆಯ ಬೇಸಿಗೆಗೆ ಅದು ಒಗ್ಗುತ್ತದೆ, ಮಳೆಗಾಲದಲ್ಲಿ ಅಷ್ಟಕ್ಕಷ್ಟೆ. ದೊಡ್ಡದನ್ನು ಕಟ್ಟುವವರು ತೋಟಗಾರಿಕಾ ಯೋಜನೆಯ ಶೇ. 35ರ ಸಹಾಯಧನವನ್ನು ಬಂಡವಾಳವೆಂದು ಎಣಿಸಬಾರದು. ಅದು ಬ್ಯಾಂಕ್ ಸಾಲಕ್ಕೆ ಜೋಡಿಸಿದ್ದು, ಕೊನೆಯಲ್ಲಿ ಸೇರುವಂಥದ್ದು.

ಹಳೆಯ ಯಂತ್ರ ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳುವವರು ಅದರೊಳಗಿನ ಅನಿಲ ಯಾವುದೆಂದು ನೋಡಬೇಕು. ಆರ್-22 ಅನಿಲವನ್ನು ಮಾಂಟ್ರಿಯಲ್ ಒಪ್ಪಂದದಂತೆ 2030ರ ಹೊತ್ತಿಗೆ ಭಾರತ ಬಹುತೇಕ ಕೈಬಿಡಬೇಕಿದೆ. 2021ರಲ್ಲಿ ದೇಶವು ಅನುಮೋದಿಸಿದ ಕಿಗಾಲಿ ತಿದ್ದುಪಡಿಯಂತೆ ಆರ್-404ಎ ಮೊದಲಾದವಕ್ಕೂ 2028ರಿಂದ ಮಿತಿ ಬೀಳುತ್ತದೆ. ಅನಿಲ ಸೋರಿದಾಗ ತುಂಬುವ ಮೆಕ್ಯಾನಿಕ್ ಮುಳಬಾಗಿಲಿನಲ್ಲೇ ಸಿಗುವನೇ, ಬೆಂಗಳೂರಿನಿಂದ ಬರಬೇಕೇ ಎಂಬುದನ್ನು ಮುಂಗಡ ಕೊಡುವ ಮೊದಲೇ ಕೇಳಿ, ಬರವಣಿಗೆಯಲ್ಲಿ ಪಡೆಯಬೇಕು.